ಎರಡು ಜಡೆ ಸೇರಲ್ಲ

ಎರಡು ಜಡೆ ಸೇರಲ್ಲ ಅನ್ನುವ ಗಾದೆಯನ್ನು ಯಾರೋ ಗಂಡಸೇ ಕಟ್ಟಿರಬೇಕು ಅಂತ ನನಗೆ ಬಹಳ ದಿನದಿಂದ ಸಿಟ್ಟಿತ್ತು. ಹೋದ ವರ್ಷ ಅಕ್ಕನ ಮಗಳ ಮದುವೆಯಲ್ಲಿ, ನನ್ನ ಜಡೆಗೂ ನಾನೇ ದುಡ್ಡು ಕೊಟ್ಟು ತಂದ ಜಡೆಗೂ ಬಿದ್ದ ಜಗಳ ನೋಡಿದ ಮೇಲೆ ಆ ಸಿಟ್ಟು ಇಳಿಯಿತು.

ನನ್ನ ಜಡೆ ಮೊದಲಿಂದ ಹೀಗಿರಲಿಲ್ಲ. ಎರಡು ಹೆರಿಗೆ, ಹದಿನೈದು ವರ್ಷದ ಬೋರ್‌ವೆಲ್ ನೀರು, ಈಗ ಇಲಿಬಾಲ. ರಬ್ಬರ್ ಬ್ಯಾಂಡು ಎರಡು ಸುತ್ತಿಗೆ ನಿಲ್ಲುತ್ತಿದ್ದದ್ದು ಐದಕ್ಕೆ ಬಂದಿದೆ. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ ಅಂದರು ಚರ್ಮದ ಡಾಕ್ಟರು. ಸಹಜವೇ ಇರಬಹುದು, ಅಷ್ಟೂ ಸಾರಿನಲ್ಲೇ ಯಾಕೆ ಉದುರಬೇಕು ಅನ್ನುವುದು ನಮ್ಮ ಯಜಮಾನರ ತಕರಾರು.

ಅಮ್ಮನ ಕಾಲದಲ್ಲಿ ಇದಕ್ಕೆ ಇದ್ದದ್ದು ಒಂದೇ ಮದ್ದು, ಚೌರಿ. ಬಾಚಣಿಗೆಗೆ ಬಂದ ಕೂದಲನ್ನು ಅಮ್ಮ ಬೆರಳಿಗೆ ಸುತ್ತಿ, ಉಂಡೆ ಮಾಡಿ, ಬಚ್ಚಲಮನೆ ಗೋಡೆಯ ಸಂದಿಗೆ ಸಿಕ್ಕಿಸುತ್ತಿದ್ದಳು. ಒಂದು ಚೀಲದಷ್ಟಾದಾಗ ಚೌರಿ ಕಟ್ಟುವವಳನ್ನು ಕರೆಸುವುದು. ಅಮ್ಮನದೇ ಕೂದಲು, ಅಮ್ಮನದೇ ಬಣ್ಣ. ನರೆ ಕೂಡ ತಲೆಯಲ್ಲಿ ಎಷ್ಟೋ ಚೌರಿಯಲ್ಲೂ ಅಷ್ಟೇ. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಒಂದು ಸಲ ಆ ಉಂಡೆಗಳನ್ನೆಲ್ಲ ನಾನು ಕದ್ದು, ಬೀದಿಯಲ್ಲಿ "ಕೂದ್ಲೂ... ಪಿನ್ನೂ..." ಅಂತ ಕೂಗಿಕೊಂಡು ಬಂದವನಿಗೆ ಕೊಟ್ಟು ಎರಡು ಬಲೂನು ತಂದೆ. ಅಮ್ಮನ ಚೌರಿ ಅದೇ ಸಂಜೆ ಟಪ್ ಟಪ್ ಅಂತ ಒಡೆದುಹೋಯಿತು.

ಆ ಪಾಪ ಮೂವತ್ತು ವರ್ಷ ಕಾದು, ಮಾಲ್ ಒಂದರ ಅಂಗಡಿಯಲ್ಲಿ ನನ್ನನ್ನು ಹಿಡಿಯಿತು. "ಮೇಡಂ, ಇದು ರೆಮಿ" ಅಂದ ಅಂಗಡಿ ಹುಡುಗ. ರೆಮಿ ಅಂದರೆ ಎಲ್ಲ ಕೂದಲ ಬುಡವೂ ಒಂದೇ ಕಡೆ, ತುದಿಯೂ ಒಂದೇ ಕಡೆ. ತಿರುಮಲದಲ್ಲಿ ಮುಡಿ ಕೊಟ್ಟ ಉದ್ದ ಕೂದಲನ್ನು ದೇವಸ್ಥಾನದವರು ಹರಾಜು ಹಾಕುತ್ತಾರಲ್ಲ, ಆ ಜಾತಿಯದು. ಬಾಚಣಿಗೆ ಕೂದಲಿಗೆ ಈ ಯೋಗ್ಯತೆ ಇಲ್ಲ. ಅದು ಅಕ್ಷರಶಃ ತಲೆಬುಡ ಇಲ್ಲದ್ದು. ಕೂದಲ ಮೇಲಿನ ಮೀನಿನ ಪೊರೆಯಂಥ ಪದರಗಳು ಒಂದಕ್ಕೊಂದು ಎದುರಾಗಿ ಉಜ್ಜಿ ಸಿಕ್ಕಾಗುತ್ತವೆ. ಅಂಥ ಉಂಡೆಗಳನ್ನು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕ ಹಾಗೆ ವಿಂಗಡಿಸಿ ಪರದೇಶಕ್ಕೆ ಕಳಿಸುವವರು ಕೊಪ್ಪಳದ ಭಾಗ್ಯನಗರದಲ್ಲಿದ್ದಾರೆ. ನನ್ನ ಬಲೂನಿನ ಕೂದಲೂ ಹೀಗೇ ಎಲ್ಲೋ ವಿಮಾನ ಹತ್ತಿತ್ತೋ ಏನೋ. ನಾನಿನ್ನೂ ಹತ್ತಿಲ್ಲ.

ರೆಮಿಯ ಬೆಲೆಗೆ ಒಂದು ಜೊತೆ ಓಲೆ ಬರುತ್ತಿತ್ತು. ಹಾಗಾಗಿ ಪಕ್ಕದ ಕಪಾಟಿನ 1,200 ರೂಪಾಯಿಯದನ್ನು ತಂದೆ. ಡಬ್ಬಿ ಮೇಲೆ "ಹ್ಯೂಮನ್ ಹೇರ್ ಫೀಲ್" ಅಂತ ಇತ್ತು. ಕೊನೆಯ ಪದವನ್ನು ನಾನು ಓದಲಿಲ್ಲ.

ಮದುವೆ ದಿನ ಬೆಳಿಗ್ಗೆ ಗೊತ್ತಾಯಿತು, ಮೆಹಂದಿ ಹಚ್ಚೀ ಹಚ್ಚೀ ನನ್ನ ಕೂದಲು ಇಟ್ಟಿಗೆ ಬಣ್ಣಕ್ಕೆ ತಿರುಗಿದೆ. ತಂದದ್ದು ಕಾಗೆ ಕಪ್ಪು. ಜಡೆ ಅರ್ಧಕ್ಕೆ ಬಂದಾಗ ಜಿಲ್ಲೆ ಬದಲಾದ ಹಾಗೆ. ಬಣ್ಣ ಮುಚ್ಚಲು ಎರಡು ಮೊಳ ಮೈಸೂರು ಮಲ್ಲಿಗೆ ಮುಡಿದೆ. ಹೂವಿನ ಭಾರ ಕ್ಲಿಪ್ಪಿಗೆ, ಕ್ಲಿಪ್ಪಿನ ಭಾರ ನನ್ನ ನಾಲ್ಕೆಳೆಗೆ. ಛತ್ರದ ಪ್ಲಾಸ್ಟಿಕ್ ಕುರ್ಚಿಯ ಬೆನ್ನಿನಲ್ಲಿ ಉದ್ದುದ್ದ ಸೀಳು ಇರುತ್ತದಲ್ಲ, ಜಡೆ ಅದರೊಳಗೆ ಯಾವಾಗ ನುಸುಳಿತೋ ತಿಳಿಯದು. "ಬಾರೇ, ಫೋಟೋ" ಅಂತ ಅಕ್ಕ ಕರೆದಳು. ನಾನು ಎದ್ದೆ. ಜಡೆ ಏಳಲಿಲ್ಲ.

ಹಿಂದಿನ ಸಾಲಿನ ಅಜ್ಜಿಯೊಬ್ಬರು ಅದನ್ನು ಎತ್ತಿ ಹಿಡಿದು, "ಯಾರದಮ್ಮಾ ಇದು? ಹೂವಿನ ಸಮೇತ ಇದೆ!" ಅಂತ ಸಾರಿದರು. ನಾನೂ ಎಲ್ಲರ ಜೊತೆ ಆ ಕಡೆ ಈ ಕಡೆ ನೋಡಿದೆ. ಯಾರದಿರಬಹುದು, ಪಾಪ. ಅಷ್ಟರಲ್ಲಿ ನನ್ನ ಮಗಳು, ಓದಿಸಿದ್ದಕ್ಕೆ ಸಾರ್ಥಕ, "ಅಮ್ಮಾ, ನಿಂದೇ ಅಲ್ವಾ?" ಅಂದಳು.

ಮಾರನೇ ದಿನ ಅದಕ್ಕೆ ಸೀಗೆಪುಡಿ, ಬಿಸಿನೀರು ಎಲ್ಲ ಹಾಕಿ ಅಭ್ಯಂಜನ ಮಾಡಿಸಿದೆ. ಇಂಥದ್ದನ್ನು ತಣ್ಣೀರಲ್ಲಿ ಅದ್ದಿ, ತುದಿಯಿಂದ ಶುರು ಮಾಡಿ ಬುಡದ ಕಡೆ ಬಾಚುತ್ತಾ ಹೋಗಬೇಕಂತೆ. ನಾನು ಮಗಳ ತಲೆ ಬಾಚುವ ಹಾಗೆ ಮೇಲಿಂದ ಎಳೆದೆ. ತೆಂಗಿನ ನಾರಾಯಿತು. ಹಿತ್ತಿಲ ತಂತಿಯಲ್ಲಿ ಒಣಗಲು ಹಾಕಿದ್ದೆ. ಕೆಲಸದಾಕೆ ಕಂಡವಳೇ ಬಕೆಟ್ಟು ಬಿಟ್ಟು ಓಡಿದಳು. ಎರಡು ದಿನ ರಜೆ.

ಮೊನ್ನೆ ಬೀದಿಯಲ್ಲಿ ಅದೇ ಕೂಗು. ಈಗ ಬೈಕು, ಹಿಂದೆ ಸ್ಪೀಕರು, ಸ್ಟೀಲ್ ಪಾತ್ರೆ. ಓಡಿಹೋಗಿ ಜಡೆ ಕೊಟ್ಟೆ. ಅವನು ಒಂದೆಳೆ ಕಿತ್ತು ಕಡ್ಡಿ ಗೀರಿದ. ಕೂದಲು ಸುಟ್ಟ ನಾತ ಬರಲೇ ಇಲ್ಲ. ಎಳೆ ಮುದುರಿಕೊಂಡು ಸಾಸಿವೆ ಕಾಳಿನಷ್ಟು ಕಪ್ಪು ಮಣಿಯಾಯಿತು.

"ಪ್ಲಾಸ್ಟಿಕ್ಕು ಕಣಕ್ಕಾ. ಇದಕ್ಕೇನೂ ಬರಲ್ಲ. ಬಾಚಣಿಗೆದು ಇದ್ರೆ ಕೊಡಿ."

ಒಳಗೆ ಹೋಗಿ, ಕನ್ನಡಿ ಹಿಂದೆ ಸಿಕ್ಕಿಸಿದ್ದ ಉಂಡೆ ತಂದುಕೊಟ್ಟೆ. ಅಂಗೈಯಲ್ಲಿ ತೂಗಿ ನೋಡಿ, ನಾಲ್ಕು ಪಿನ್ನು ಎಣಿಸಿದ.

"ಬಲೂನಿಲ್ವೇನಪ್ಪಾ?" ಅಂದೆ.