ಬೆಫಾನಾ ಆದ ಮೇಲೆ

"ಬೆಫಾನಾ ಆದ ಮೇಲೆ ಬರ್ತೀನಿ ಸಿನ್ಯೋರಾ" ಅಂತ ಬಾಯ್ಲರ್ ರಿಪೇರಿಯವನು ಫೋನ್ ಇಟ್ಟಿದ್ದು ಡಿಸೆಂಬರ್ 23ಕ್ಕೆ. ಇವತ್ತು ಜನವರಿ 9. ಬೆಫಾನಾ ಹಬ್ಬ ಕಳೆದು ಮೂರು ದಿನ. ಈ ರೋಮ್ ನಗರದಲ್ಲಿ ನಾನಿನ್ನೂ ಒಲೆ ಮೇಲೆ ಸಾರಿನ ಪಾತ್ರೆ ಇಟ್ಟು ಸ್ನಾನಕ್ಕೆ ನೀರು ಕಾಯಿಸುತ್ತಿದ್ದೇನೆ.

ತಪ್ಪು ನನ್ನದೇ ಬಿಡಿ. ಸಂಕ್ರಾಂತಿಗೆ ಮೈಸೂರಲ್ಲಿರಲೇಬೇಕು ಅಂತ ಅಪ್ಪನ ಷರತ್ತು. ಸರಿ, ಅಪ್ಪ ಅಮ್ಮ ಕ್ರಿಸ್‌ಮಸ್‌ಗೆ ಬಂದು ಜನವರಿ 6ರ ಬೆಫಾನಾ ನೋಡಿಕೊಂಡು ಹೋಗಲಿ ಅಂತ ಟಿಕೆಟ್ ಮಾಡಿದೆ. ಊರಿಗೆಲ್ಲ ರಜೆ ಅಂದರೆ ಬಾಯ್ಲರಿನವನಿಗೂ ರಜೆ ಅಂತ ಹೊಳೆಯಲೇ ಇಲ್ಲ. ಅವರು ಬಂದ ಮಾರನೇ ದಿನವೇ ಬಾಯ್ಲರ್ ಕೈಕೊಟ್ಟಿತು. ಗುರುವಾರ ಕ್ರಿಸ್‌ಮಸ್, ಶುಕ್ರವಾರ ಸಂತ ಸ್ತೆಫಾನೋ ಹಬ್ಬದ ರಜೆ. ಮುಂದಿನ ಗುರುವಾರ ಹೊಸ ವರ್ಷ, ಆಮೇಲಿನ ಮಂಗಳವಾರ ಬೆಫಾನಾ. ಮಧ್ಯೆ ಸಿಕ್ಕಿಕೊಂಡ ಕೆಲಸದ ದಿನಕ್ಕೆ ರಜೆ ಹಾಕಿದರೆ ಅದು 'ಪೊಂತೆ', ಅಂದರೆ ಸೇತುವೆ. ಈ ಸಲ ಊರಲ್ಲಿ ರಸ್ತೆಗಿಂತ ಸೇತುವೆಯೇ ಜಾಸ್ತಿ. 1977ರಲ್ಲಿ ಸರ್ಕಾರ 6ರ ರಜೆಯನ್ನು ಕಿತ್ತುಹಾಕಿತ್ತು. 1985ರಲ್ಲಿ ವಾಪಸ್ ಕೊಟ್ಟಿತು. ಯಾರು ಕೇಳಿದ್ದರೋ!

ಬೆಫಾನಾ ಅಂದರೆ ಪೊರಕೆ ಮೇಲೆ ಹಾರಿ ಬರುವ ಮುದುಕಿ. 5ರ ರಾತ್ರಿ ಮಕ್ಕಳು ತೂಗುಹಾಕಿದ ಕಾಲುಚೀಲಕ್ಕೆ ಮಿಠಾಯಿ ತುಂಬುತ್ತಾಳೆ. ತುಂಟರಿಗೆ ಇದ್ದಿಲು. ಈಗಿನ ಇದ್ದಿಲು ಬರೀ ಸಕ್ಕರೆ, ಕಪ್ಪು ಬಣ್ಣ ಹಾಕಿದ್ದು. ಕೆಳಗಿನ ಮನೆಯ ಅಜ್ಜಿ ನನ್ನ ಮಗನಿಗೆ ಅಂತ ಒಂದು ದೊಡ್ಡ ಉಂಡೆ ಕೊಟ್ಟಿದ್ದರು.

ಅಪ್ಪ ಐದಕ್ಕೇ ಏಳುತ್ತಾರೆ. ಕಾಲುಚೀಲದಲ್ಲಿ ಇದ್ದಿಲು ಕಂಡಿದೆ. ಚಿಕ್ಕಂದಿನಲ್ಲಿ ಇದ್ದಿಲಲ್ಲೇ ಹಲ್ಲು ಉಜ್ಜಿದವರು. ಪೇಸ್ಟ್ ಬಂದಮೇಲೇ ಹಲ್ಲು ಕೆಟ್ಟಿದ್ದು ಅನ್ನುವವರು. ಕುಟ್ಟುವ ಸದ್ದಿಗೆ ನನಗೆ ಎಚ್ಚರವಾಯ್ತು. ಎದ್ದು ಬಂದರೆ ಅಪ್ಪ ಮಂಕಿ ಕ್ಯಾಪ್ ಹಾಕಿಕೊಂಡು ಬೇಸಿನ್ ಮುಂದೆ ನಿಂತಿದ್ದಾರೆ. ಬಾಯೆಲ್ಲ ಕಪ್ಪು. ತೋರುಬೆರಳು ಇನ್ನೂ ದವಡೆಯಲ್ಲಿ. ಆದರೆ ಉಗುಳುತ್ತಿಲ್ಲ, ಚಪ್ಪರಿಸುತ್ತಿದ್ದಾರೆ!

"ಇವರು ಇದ್ದಿಲಿಗೂ ಸಕ್ಕರೆ ಹಾಕ್ತಾರಲ್ಲೇ!"

"ರೀ, ನಿಮಗೆ ಶುಗರ್!" ಅಂತ ಅಮ್ಮ ರಗ್ಗಿನೊಳಗಿಂದಲೇ ಕೂಗಿದಳು. ತಣ್ಣೀರಲ್ಲಿ ಎಷ್ಟು ಮುಕ್ಕಳಿಸಿದರೂ ಆ ಬಣ್ಣ ಹೋಗಲಿಲ್ಲ. ಪಿಯಾಝಾ ನವೋನಾದ ಬೆಫಾನಾ ಸಂತೆಯಲ್ಲಿ ತೆಗೆದ ಅಷ್ಟೂ ಫೋಟೋಗಳಲ್ಲಿ ಅಪ್ಪ ಬಾಯಿ ಬಿಗಿದುಕೊಂಡಿದ್ದಾರೆ. ಮಗ ಮಾತ್ರ ಖುಷಿ. ಅವನಿಗೆ ಇದ್ದಿಲು ಬರಲೇ ಇಲ್ಲವಲ್ಲ.

ಸಂತೆಯಲ್ಲಿ ಅಮ್ಮನಿಗೆ ಬೆಫಾನಾ ಕಥೆ ಹೇಳಿದೆ. ಮೂವರು ರಾಜರು ಬಂದು, ಬಾ, ಮಗು ಯೇಸುವನ್ನು ನೋಡೋಣ ಅಂತ ಕರೆದರಂತೆ. ಮನೆ ಗುಡಿಸೋದಿದೆ ಅಂತ ಅವಳು ಹೋಗಲಿಲ್ಲ. ಆಮೇಲೆ ಮನಸ್ಸು ತಡೆಯದೆ ಹೊರಟಳು, ದಾರಿ ಸಿಗಲಿಲ್ಲ. ಇನ್ನೂ ಮನೆ ಮನೆ ಹುಡುಕುತ್ತಿದ್ದಾಳೆ.

"ಪಾಪ, ಕೆಲಸ ಮುಗಿಸಿ ಬರ್ತೀನಿ ಅಂದಳು, ಅಷ್ಟೇ ಅಲ್ವಾ" ಅಂದಳು ಅಮ್ಮ.

ಎಂಟು ವರ್ಷ ಅವಳು ನನಗೂ ಹಾಗೇ ಅಂದಿದ್ದಳು. ಗೌರಿ ಹಬ್ಬ ಮುಗೀಲಿ, ದಸರಾ ಕಳೀಲಿ. ನಾನು ಮಾತಾಡದೆ ಅವಳ ಮಫ್ಲರ್ ಸರಿ ಮಾಡಿದೆ.

ನಿನ್ನೆ ಏರ್‌ಪೋರ್ಟಿನಲ್ಲಿ ಒಳಗೆ ಹೋಗುತ್ತಾ ತಿರುಗಿ ನಿಂತಳು. "ಬಾಯ್ಲರಿನವನು ಬಂದರೆ ಬೈಬೇಡ ಕಣೇ. ಅವನ ಮನೇಲೂ ಹಬ್ಬ ಇರುತ್ತೆ."

ಮೊದಲು ಬರಲಿ.