ಬ್ಯಾನ್‌ಬರಿಯ ಮದ್ವೆ ಕಲ್ಲು, ಭಾವ-ಭಾಮೈದರ ಜಗಳ

ರೈಮ್ಸ್ ಪುಸ್ತಕದಲ್ಲಿ ಓದಿರ್ತೀರಿ, ಮರದ ಕುದುರೆ ಹತ್ಕೊಂಡು ಬ್ಯಾನ್‌ಬರಿ ಕ್ರಾಸಿಗೆ ಹೋಗೋದು, ಬಿಳಿ ಕುದುರೆ ಮೇಲಿರೋ ಮೇಡಮ್ಮನ್ನ ನೋಡೋದು, ಕೈಗೆ ಉಂಗುರ ಕಾಲಿಗೆ ಗೆಜ್ಜೆ ಅಂತೆಲ್ಲ. ನಾನಂತೂ ಕ್ರಾಸ್ ಅಂದ್ರೆ ಜಯನಗರದ ಹತ್ತನೇ ಕ್ರಾಸ್ ಥರ ಯಾವ್ದೋ ಅಡ್ಡರಸ್ತೆ ಅನ್ಕೊಂಡಿದ್ದೆ. ಅಲ್ವಂತೆ ಮಾರಾಯ್ರೆ, ಇಂಗ್ಲೆಂಡಿನ ಆಕ್ಸ್‌ಫರ್ಡ್‌ಶೈರಿನ ಒಂದು ಸಂತೆ ಊರಲ್ಲಿರೋ ಕಲ್ಲಿನ ಶಿಲುಬೆ ಅದು.

ಮಜಾ ಏನಂದ್ರೆ 18ನೇ ಶತಮಾನದಲ್ಲಿ ಆ ಹಾಡು ಅಚ್ಚಾದಾಗ ಊರಲ್ಲಿ ಕ್ರಾಸೇ ಇರ್ಲಿಲ್ಲ! ಮೊದ್ಲು ಮೂರಿದ್ವು, 1600ರ ಸುಮಾರಿಗೆ ಅಲ್ಲಿನ ಮಡಿವಂತ ಪ್ಯೂರಿಟನ್ನರು, ಅಂದ್ರೆ ಕಟ್ಟುನಿಟ್ಟಿನ ಪ್ರೊಟೆಸ್ಟೆಂಟ್ ಕ್ರೈಸ್ತರು, ಇದೆಲ್ಲ ವಿಗ್ರಹಾರಾಧನೆ ಅಂತ ಒಡೆದು ಹಾಕಿದ್ರು. ಮಕ್ಕಳು ಪಾಪ ಇಲ್ಲದ ಕ್ರಾಸಿಗೆ ಕುದುರೆ ಓಡಿಸ್ತಾ ಇದ್ವು.

ಎರಡೂವರೆ ಶತಮಾನ ಕಳೆದ್ಮೇಲೆ, 1859ರಲ್ಲಿ ಹೊಸದೊಂದು ಎದ್ದು ನಿಂತ್ಕೊಳ್ತು. ದೇವರಿಗಾಗಿ ಅಂತೇನಲ್ಲ, ಹಿಂದಿನ ವರ್ಷ ವಿಕ್ಟೋರಿಯಾ ರಾಣಿಯ ಹಿರಿಮಗಳು ಪ್ರಷ್ಯಾ ಅನ್ನೋ ಜರ್ಮನ್ ರಾಜ್ಯದ ರಾಜಕುಮಾರನ್ನ ಮದ್ವೆ ಆಗಿದ್ಳಲ್ಲ, ಅದರ ನೆನಪಿಗೆ. ನಮ್ಮ ಕಡೆ ಸ್ಟೀಲ್ ಡಬ್ಬಿ ಮೇಲೆ ಹೆಸ್ರು ಹೊಡೆಸಿ ಮುಯ್ಯಿ ಕೊಟ್ಟು ಊಟ ಮಾಡ್ಕೊಂಡು ಬರ್ತೀವಿ, ಇವರು ಲಂಡನ್ನಲ್ಲಿ ನಡೆದ ಮದ್ವೆಗೆ ತಮ್ಮೂರಲ್ಲಿ ಐವತ್ತಡಿ ಮೀರಿದ ಗಾಥಿಕ್ ಗೋಪುರ ಏರಿಸಿ ತುದಿಯ ಶಿಲುಬೆಗೆ ಚಿನ್ನದ ಲೇಪ ಹಾಕಿಸಿದ್ರು.

ಅದೇ 1859ರ ಜನವರಿಯಲ್ಲಿ ಆ ದಂಪತಿಗೆ ಗಂಡುಮಗು. ಹೆಸರು ವಿಲ್‌ಹೆಲ್ಮ್. ಹೌದು, ಮೊದಲನೇ ಮಹಾಯುದ್ಧದ ಹೊತ್ತಿಗೆ ಜರ್ಮನಿಯ ಚಕ್ರವರ್ತಿಯಾಗಿದ್ದ ಅದೇ ಮೀಸೆ ಕೈಸರ್.

1914ರಲ್ಲಿ ಆ ಗೋಪುರಕ್ಕೆ ಮೂರು ಪ್ರತಿಮೆ ಸೇರಿಸಿದ್ರು, ವಿಕ್ಟೋರಿಯಾ, ಅವಳ ಮಗ ಏಳನೇ ಎಡ್ವರ್ಡ್, ಎಡ್ವರ್ಡನ ಮಗ ಆಗಿನ ರಾಜ ಐದನೇ ಜಾರ್ಜ್. ಕೈಸರ್ ಕಡೆಯಿಂದ ಲೆಕ್ಕ ಹಾಕಿ ನೋಡಿ, ಅಜ್ಜಿ, ಸೋದರಮಾವ, ಮಾವನ ಮಗ. ಅದೇ ವರ್ಷ ಆಗಸ್ಟಲ್ಲಿ ಭಾವ-ಭಾಮೈದರ ಸೈನ್ಯಗಳು ಫ್ರಾನ್ಸ್-ಬೆಲ್ಜಿಯಂ ಕಡೆ ಒಂದಕ್ಕೊಂದು ಗುಂಡು ಹಾರಿಸ್ತಿದ್ವು, ಇಲ್ಲಿ ಮಾತ್ರ ಅವನ ಅಪ್ಪ-ಅಮ್ಮನ ಮದ್ವೆ ಕಲ್ಲಿಗೆ ಹೆಣ್ಣಿನ ಕಡೆಯವರೆಲ್ಲ ಅಂಟ್ಕೊಂಡು ಗ್ರೂಪ್ ಫೋಟೋಗೆ ನಿಂತ ಹಾಗೆ ನಿಂತಿದ್ರು. 1917ರಲ್ಲಿ ಜಾರ್ಜ್ ಸಾಹೇಬ್ರು ಜರ್ಮನ್ ವಾಸನೆ ಬರುತ್ತೆ ಅಂತ ಮನೆತನದ ಹೆಸ್ರನ್ನೇ ವಿಂಡ್ಸರ್ ಮಾಡ್ಕೊಂಡ್ರು. ಕಲ್ಲು ಮಾತ್ರ ಜಾಗ ಬಿಟ್ಟು ಕದಲ್ಲಿಲ್ಲ.

ಈಗ ಅದರ ಸುತ್ತ ಕಾರುಗಳು ಗಿರಕಿ ಹೊಡೀತವೆ. 2005ರಲ್ಲಿ ಹಾಡಿನ ಆ ಮೇಡಮ್ಮನ್ನೂ ಕುದುರೆ ಸಮೇತ ಪ್ರತಿಮೆ ಮಾಡಿ ಅಲ್ಲೇ ಹತ್ರ ನಿಲ್ಸಿದ್ದಾರೆ. ವಿಗ್ರಹ ಬೇಡ ಅಂತ ಸುತ್ತಿಗೆ ಹಿಡಿದ ಊರು, ಈಗ ಈ ಸರ್ಕಲ್ಲಲ್ಲೇ ನಾಲ್ಕು ಇವೆ. ಕುದುರೆ ಸೇರಿಸಿದ್ರೆ ಐದು.