ಮರೆತವನನ್ನು ಕ್ಷಮಿಸುವುದು ಹೇಗೆ?

ಅಪ್ಪ ಕುಡಿತ ಬಿಟ್ಟು ವರ್ಷಗಳೇ ಆದವು. ಈಗ ಅವನನ್ನು ನೋಡಿದವರೆಲ್ಲ ಎಷ್ಟು ಒಳ್ಳೆಯ ಮನುಷ್ಯ ಅನ್ನುತ್ತಾರೆ. ಸುಳ್ಳೇನಲ್ಲ. ಮೊಮ್ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗುತ್ತಾನೆ, ಯಾರ ಮೇಲೂ ದನಿ ಏರಿಸುವುದಿಲ್ಲ. ಕುಡಿತ ಬಿಡುವುದು ಎಂಥ ಕಷ್ಟ ಅಂತ ಬಲ್ಲವರು ಮೆಚ್ಚಲೇಬೇಕು, ನಾನೂ ಮೆಚ್ಚುತ್ತೇನೆ. ಆದರೆ ಆ ಮೆಚ್ಚುಗೆಯ ಬೆನ್ನಿಗೇ ಎಲ್ಲರೂ ನನ್ನ ಕಡೆ ತಿರುಗುತ್ತಾರೆ. "ಅವನೇ ಬದಲಾದ, ನೀನು ಮಾತ್ರ ಇನ್ನೂ ಮನಸ್ಸಲ್ಲಿ ಇಟ್ಕೊಂಡಿದ್ದೀಯ. ಎಷ್ಟಾದರೂ ಹುಟ್ಟಿಸಿದ ಅಪ್ಪ ಅಲ್ವಾ?" ಅಂದರೆ ಕುಡಿದವನ ಕಥೆ ಸುಖಾಂತ್ಯವಾಗಿದೆ, ಚಪ್ಪಾಳೆ ತಟ್ಟದೆ ಕೂತವರೇ ಈಗ ಕೆಟ್ಟವರು. ಇದಕ್ಕೆ ಒಂದು ಸಲ ಉದ್ದವಾಗಿಯೇ ಉತ್ತರ ಕೊಡೋಣ ಅನ್ನಿಸಿತು.

ಕುಡುಕರ ಮನೆ ಅಂದರೆ ಹೊರಗಿನವರಿಗೆ ಹೊಡೆತ ಬಡಿತ ನೆನಪಾಗುತ್ತದೆ. ಆ ಮನೆಯಲ್ಲಿ ಬೆಳೆದವರನ್ನು ಕೇಳಿ, ಹೊಡೆತಕ್ಕೆ ಮುಂಚಿನ ಹೊತ್ತಿನ ಬಗ್ಗೆ ಹೇಳುತ್ತಾರೆ. ಚಪ್ಪಲಿ ಬಿಡುವ ಸದ್ದಲ್ಲೇ ಇವತ್ತು ಎಷ್ಟು ಕುಡಿದಿದ್ದಾನೆ ಅಂತ ಅಂದಾಜು ಹಾಕುವುದನ್ನು ನಾವು ಮಗ್ಗಿ ಕಲಿಯುವ ವಯಸ್ಸಿಗೇ ಕಲಿತಿದ್ದೆವು. ಕಣ್ಣು ಪುಸ್ತಕದ ಮೇಲೆ, ಕಿವಿ ಬಾಗಿಲ ಮೇಲೆ. ಏನೂ ಆಗದ ರಾತ್ರಿಗಳೂ ಬಹಳ ಇದ್ದವು. ಆದರೆ ಏನೂ ಆಗುವುದಿಲ್ಲ ಅಂತ ಮೊದಲೇ ಗೊತ್ತಿದ್ದ ರಾತ್ರಿ ಒಂದೂ ಇರಲಿಲ್ಲ.

ಅಪ್ಪ ಕುಡಿತ ಬಿಟ್ಟ ಮೇಲೆ, ಧೈರ್ಯ ಮಾಡಿ ಅಂಥ ಒಂದು ರಾತ್ರಿಯ ಬಗ್ಗೆ ಕೇಳಿದೆ. ನನ್ನ ಬಾಲ್ಯವನ್ನು ಎರಡು ಹೋಳು ಮಾಡಿದ ರಾತ್ರಿ ಅದು. ಅಪ್ಪ ತುಂಬ ಹೊತ್ತು ಯೋಚಿಸಿ, "ನನಗೆ ನೆನಪಿಲ್ಲ" ಅಂದ.

ತಪ್ಪಿಸಿಕೊಳ್ಳುತ್ತಿದ್ದಾನೆ ಅಂತ ಮೈಯೆಲ್ಲ ಉರಿದಿತ್ತು. ಆಮೇಲೆ ಓದಿಕೊಂಡೆ. ಇದಕ್ಕೆ ಬ್ಲ್ಯಾಕ್‌ಔಟ್ ಅನ್ನುತ್ತಾರೆ. ಪ್ರಜ್ಞೆ ತಪ್ಪುವುದೇ ಬೇರೆ, ಇದೇ ಬೇರೆ. ರಕ್ತದಲ್ಲಿ ಮದ್ಯದ ಪ್ರಮಾಣ ಬೇಗ ಏರಿದಾಗ ಮೆದುಳಿನ ಹಿಪೊಕ್ಯಾಂಪಸ್ ಎಂಬ ಭಾಗ ಆ ಹೊತ್ತಿನ ಘಟನೆಗಳನ್ನು ದೀರ್ಘಕಾಲದ ನೆನಪಾಗಿ ಕೂಡಿಡುವುದನ್ನೇ ನಿಲ್ಲಿಸಿಬಿಡುತ್ತದೆ. ಮನುಷ್ಯ ನಡೆಯುತ್ತಾನೆ, ಮಾತಾಡುತ್ತಾನೆ, ಜಗಳ ಕಾಯುತ್ತಾನೆ, ಕೈ ಎತ್ತುತ್ತಾನೆ. ಬೆಳಿಗ್ಗೆಗೆ ಅವನಲ್ಲಿ ಅದರ ಸುಳಿವೇ ಇರುವುದಿಲ್ಲ. ಅಚ್ಚೇ ಆಗದ ನೆನಪು ಎಷ್ಟು ಕೆದಕಿದರೂ ಬರುವುದಿಲ್ಲ. ಹಾಗಾಗಿ ಅಪ್ಪ ನಿಜವನ್ನೇ ಹೇಳಿರಬಹುದು. ಅದು ತಿಳಿದ ಮೇಲೆ ಸಿಟ್ಟು ಇಳಿಯಬೇಕಿತ್ತು, ಇನ್ನೂ ವಿಚಿತ್ರವಾದ ಒಂಟಿತನ ಹತ್ತಿಕೊಂಡಿತು. ನಮ್ಮಿಬ್ಬರ ನಡುವೆ ನಡೆದದ್ದು ಈಗ ನನ್ನೊಬ್ಬರ ಹತ್ತಿರ ಮಾತ್ರ ಇದೆ. ಅವನು ಕ್ಷಮೆ ಕೇಳಿದರೂ ಯಾವುದಕ್ಕೆ ಅಂತ ಅವನಿಗೇ ಗೊತ್ತಿಲ್ಲ.

ಹಾಗಂತ ಎಲ್ಲಾ ರಾತ್ರಿಗಳೂ ಹೀಗೆ ಅಳಿಸಿಹೋದವೇನಲ್ಲ. ಕೆಲವನ್ನು ನಾವೇ ಅಳಿಸಿದೆವು. ಅಪ್ಪ ಏಳುವ ಮುಂಚೆಯೇ ಅಮ್ಮ ಒಡೆದ ಗಾಜು ಗುಡಿಸಿರುತ್ತಿದ್ದಳು, ಹರಿದದ್ದನ್ನು ಮಡಚಿಟ್ಟಿರುತ್ತಿದ್ದಳು. ಅವನ ಕೆಲಸದ ಕಡೆಗೆ "ಜ್ವರ, ಇವತ್ತು ಬರಲ್ಲ" ಅಂತ ಹೇಳಿ ಕಳಿಸುವ ಕೆಲಸ ನನ್ನದು. ಅವನು ಎದ್ದು ಕೂತಾಗ ಮನೆ ನೆಟ್ಟಗಿರುತ್ತಿತ್ತು, ನಾವೂ ನೆಟ್ಟಗಿರುತ್ತಿದ್ದೆವು. ನಿನ್ನೆ ಏನಾಯಿತು ಅಂತ ಅವನು ಕೇಳಲು ಒಂದು ಚೂರು ಗಾಜೂ ಉಳಿದಿರುತ್ತಿರಲಿಲ್ಲ. ಅಮ್ಮನಿಗೆ ಬೇರೆ ದಾರಿ ಇರಲಿಲ್ಲ ಅನ್ನುವುದು ನನಗೆ ಗೊತ್ತು. ಗೊತ್ತಿದ್ದೂ, ಅಪ್ಪನ ಮೇಲಿನದಕ್ಕಿಂತ ಅವಳ ಮೇಲಿನ ಸಿಟ್ಟು ಬೇಗ ಮೇಲೆ ಬರುತ್ತದೆ. ಬೈದರೆ ತಿರುಗಿ ಹೊಡೆಯದವರ ಮೇಲೆ ಸಿಟ್ಟಾಗುವುದು ಸುಲಭ ನೋಡಿ. ಅದನ್ನೂ ಆ ಮನೆಯಲ್ಲೇ ಕಲಿತದ್ದು.

ಕುಡಿತ ಒಂದು ಕಾಯಿಲೆ, ಅವನ ಕೈಯಲ್ಲಿ ಏನಿತ್ತು ಅನ್ನುವವರಿದ್ದಾರೆ. ಕಾಯಿಲೆ ಅನ್ನುವುದನ್ನು ಒಪ್ಪುತ್ತೇನೆ. ಅಮೆರಿಕದ ವೈದ್ಯಕೀಯ ಸಂಘ 1956ರಲ್ಲೇ ಹಾಗೆಂದು ಘೋಷಿಸಿತ್ತು. ಚಟಕ್ಕೆ ಬೀಳುವ ಅಪಾಯದಲ್ಲಿ ಸುಮಾರು ಅರ್ಧ ಪಾಲು ವಂಶವಾಹಿಗಳದ್ದು ಎನ್ನುತ್ತವೆ ಅಧ್ಯಯನಗಳು. (ನಾನು ಮದ್ಯ ಮುಟ್ಟದಿರುವುದಕ್ಕೆ ಇದೇ ಕಾರಣ, ಸಭ್ಯತೆಯಲ್ಲ.) ಆದರೆ ಒಂದು ಲೋಟಕ್ಕೆ ನಿಲ್ಲಿಸಲು ಯಾಕೆ ಆಗುತ್ತಿರಲಿಲ್ಲ ಅನ್ನುವುದನ್ನಷ್ಟೇ ಕಾಯಿಲೆ ವಿವರಿಸುತ್ತದೆ. ಅಷ್ಟು ಕುಡಿದಾಗಲೂ ಅವನು ಮೇಲಧಿಕಾರಿಯ ಮೇಲೆ ಕೈ ಮಾಡಲಿಲ್ಲ. ಸಾಲ ಕೊಟ್ಟವನ ಎದುರು ದನಿ ಏರಿಸಲಿಲ್ಲ. ಮೈಮೇಲೆ ಪ್ರಜ್ಞೆ ಇಲ್ಲದವನಿಗೆ, ಯಾರಿಗೆ ಹೊಡೆದರೆ ಏನೂ ಆಗುವುದಿಲ್ಲ ಅನ್ನುವ ಲೆಕ್ಕ ಮಾತ್ರ ಹೇಗೆ ತಪ್ಪುತ್ತಿರಲಿಲ್ಲ? ಇದಕ್ಕೆ ಯಾವ ಡಾಕ್ಟರೂ ನನಗೆ ಸಮಾಧಾನವಾಗುವ ಉತ್ತರ ಕೊಟ್ಟಿಲ್ಲ.

ಕುಡಿತ ಬಿಡಲು ಕುಡುಕರೇ ಒಬ್ಬರಿಗೊಬ್ಬರು ನೆರವಾಗುವ, 1935ರಲ್ಲಿ ಶುರುವಾದ ಆಲ್ಕೊಹಾಲಿಕ್ಸ್ ಅನಾನಿಮಸ್ ಬಗ್ಗೆ ಕೇಳಿರುತ್ತೀರಿ. ಕುಡಿತದಿಂದ ಹೊರಬರಲು ಅವರು ಹಾಕಿಕೊಂಡ ಹನ್ನೆರಡು ಮೆಟ್ಟಿಲುಗಳಲ್ಲಿ ಎಂಟನೆಯದು, ಯಾರಿಗೆಲ್ಲ ನೋವು ಮಾಡಿದ್ದೇನೆ ಅಂತ ಪಟ್ಟಿ ಮಾಡುವುದು. ಒಂಬತ್ತನೆಯದು, ಸಾಧ್ಯವಾದ ಕಡೆಯಲ್ಲೆಲ್ಲ ಅವರಿಗೆ ಅದನ್ನು ನೇರವಾಗಿ ಸರಿಮಾಡಿಕೊಡುವುದು, ಆದರೆ ಹಾಗೆ ಮಾಡಿದರೆ ಅವರಿಗೋ ಬೇರೆಯವರಿಗೋ ನೋವಾಗುವಂತಿದ್ದರೆ ಬೇಡ. ಎಚ್ಚರದಿಂದ ಬರೆದ ಮೆಟ್ಟಿಲು ಅದು. ಕುಡಿದವನು ತಾನು ಹಗುರಾಗಲು ಇನ್ನೊಬ್ಬರ ಗಾಯ ಕೆದಕುವ ಹಾಗಿಲ್ಲ. ಪಟ್ಟಿಯಲ್ಲಿ ಹೆಸರಿರುವವರು ಕ್ಷಮಿಸಲೇಬೇಕು ಅನ್ನುವ ಮೆಟ್ಟಿಲು ಆ ಹನ್ನೆರಡರಲ್ಲಿ ಎಲ್ಲೂ ಇಲ್ಲ. ಅದನ್ನು ಸೇರಿಸಿದವರು ನಮ್ಮ ನೆಂಟರಿಷ್ಟರು. ಕುಡಿಯುವವರ ಮನೆಯವರಿಗಾಗಿ 1951ರಲ್ಲಿ ಹುಟ್ಟಿದ ಅಲ್-ಅನಾನ್ ಗುಂಪಿನಲ್ಲಿ ಹೇಳಿಕೊಡುವುದು ಇಷ್ಟು: ಇದಕ್ಕೆ ನೀನು ಕಾರಣವಲ್ಲ, ಇದು ನಿನ್ನ ಹತೋಟಿಯಲ್ಲಿಲ್ಲ, ಇದನ್ನು ವಾಸಿಮಾಡುವುದು ನಿನ್ನಿಂದಾಗದು. ನಾನು ಚೆನ್ನಾಗಿ ಓದಿದರೆ ಅಪ್ಪ ಕುಡಿಯುವುದಿಲ್ಲ ಅಂದುಕೊಂಡು ಬೆಳೆದ ಮಗುವಿಗೆ ಇದನ್ನು ಯಾರಾದರೂ ಆಗಲೇ ಹೇಳಿದ್ದರೆ ಚೆನ್ನಾಗಿತ್ತು.

ನನ್ನ ತಂಗಿ ಅಪ್ಪನನ್ನು ಕ್ಷಮಿಸಿದ್ದಾಳೆ. ನಾಟಕವಲ್ಲ, ನಿಜವಾಗಿ. ಅವಳ ನಿದ್ದೆ ಚೆನ್ನಾಗಿದೆ, ನಗು ಹಗುರಾಗಿದೆ. ಕ್ಷಮಿಸಿದವರ ಸಿಟ್ಟು, ಖಿನ್ನತೆ ಕಡಿಮೆಯಾಗುತ್ತವೆ ಅಂತ ಈ ವಿಷಯವನ್ನು ದಶಕಗಟ್ಟಲೆ ಅಧ್ಯಯನ ಮಾಡಿದ ಮನಶ್ಶಾಸ್ತ್ರಜ್ಞ ರಾಬರ್ಟ್ ಎನ್‌ರೈಟ್ ಅಂಥವರು ತೋರಿಸಿದ್ದಾರೆ, ನನಗೆ ತಕರಾರಿಲ್ಲ. ಆದರೆ ಅವರೇ ಹೇಳುವಂತೆ ಕ್ಷಮಿಸುವುದೆಂದರೆ ತಪ್ಪನ್ನು ಸರಿ ಅಂತ ಒಪ್ಪುವುದಲ್ಲ, ಮರೆಯುವುದಲ್ಲ, ಮತ್ತೆ ರಾಜಿಯಾಗುವುದೂ ಅಲ್ಲ. ನೆಂಟರು ನನ್ನಿಂದ ಕೇಳುವುದು ಸರಿಯಾಗಿ ಈ ಮೂರನ್ನೇ. ಅವರಿಗೆ ಬೇಕಿರುವುದು ನನ್ನ ನೆಮ್ಮದಿಯಲ್ಲ, ಮುಜುಗರವಿಲ್ಲದ ಒಂದು ಗ್ರೂಪ್ ಫೋಟೋ.

ಅಪ್ಪ ಕುಡಿತ ನಿಲ್ಲಿಸಿದಾಗ ಆಸ್ಪತ್ರೆಯಲ್ಲಿ ಅವನ ಪಕ್ಕ ಕೂತವರು ನಾನೇ. ವರ್ಷಗಟ್ಟಲೆ ವಿಪರೀತ ಕುಡಿದವರು ಏಕಾಏಕಿ ಬಿಟ್ಟರೆ ಫಿಟ್ಸ್ ಬರಬಹುದು, ಎರಡು ಮೂರು ದಿನಕ್ಕೆ ಸನ್ನಿ ಹಿಡಿದಂತಾಗಬಹುದು, ಜೀವಕ್ಕೇ ಕುತ್ತಾಗಬಹುದು. ಮನೆಯಲ್ಲಿ ಕೂಡಿಹಾಕಿ ಬಿಡಿಸುತ್ತೇವೆ ಅನ್ನುವವರು ದಯವಿಟ್ಟು ಇದನ್ನು ತಿಳಿದುಕೊಳ್ಳಿ. ಅವನ ಕೈ ಗಡಗಡ ನಡುಗುತ್ತಿತ್ತು, ಗೋಡೆಯ ಮೇಲೆ ಇಲ್ಲದ್ದನ್ನು ಕಂಡು ಹೆದರಿ ಕೂಗುತ್ತಿದ್ದ. ಹಿಡಿದುಕೊಂಡು ಸಮಾಧಾನ ಮಾಡಿದೆ. ಇವತ್ತಿಗೂ ಅವನ ಮಾತ್ರೆ, ತಪಾಸಣೆ ಎಲ್ಲ ನನ್ನದೇ ಜವಾಬ್ದಾರಿ. ಅದನ್ನು ಕಂಡವರು ಮಗುವಿನ ಮನಸ್ಸು ಕರಗಿತು ಅಂತ ಷರಾ ಬರೆದುಕೊಳ್ಳುತ್ತಾರೆ. ಆರೈಕೆ ನನ್ನ ಕೈಲಾಗುತ್ತದೆ, ಮಾಡುತ್ತೇನೆ. ಕ್ಷಮಿಸುವುದು ಸದ್ಯಕ್ಕೆ ಆಗುತ್ತಿಲ್ಲ.

ಈಚೆಗೆ ಒಂದು ದಿನ ಅಪ್ಪನೇ ಕೇಳಿದ. "ನನಗಂತೂ ನೆನಪಿಲ್ಲ. ನಿನಗಿದೆಯಲ್ಲ, ನಾನು ಏನು ಮಾಡಿದೆ ಅಂತ ಹೇಳು." ಹೇಳಿದೆ, ಆ ಒಂದು ರಾತ್ರಿಯದ್ದು ಮಾತ್ರ, ಏನನ್ನೂ ಬಿಡದೆ. ಕುಡಿದಿದ್ದೆ ಅಂತ ಅವನು ನೆಪ ಹೇಳಲಿಲ್ಲ, ಕ್ಷಮಿಸು ಅಂತಲೂ ಅನ್ನಲಿಲ್ಲ. ಅಷ್ಟು ದಿನದಲ್ಲಿ ಅವನು ನನಗೆ ಮಾಡಿದ ದೊಡ್ಡ ಉಪಕಾರ ಅದೇ ಅನ್ನಿಸಿತು. ಹೇಳಬೇಕಾದ ರಾತ್ರಿಗಳು ಇನ್ನೂ ಇವೆ. ಅವನು ಕೇಳಿದಾಗ ಒಂದೊಂದಾಗಿ ಹೇಳುತ್ತೇನೆ. ಅದೆಲ್ಲ ಮುಗಿಯುವವರೆಗೆ ನಮ್ಮಿಬ್ಬರ ನಡುವೆ ಬಂದು ಯಾರೂ ರಾಜಿ ಪಂಚಾಯಿತಿ ಮಾಡಬೇಡಿ.